ಕತ್ತಿಗೆ ಬಂದ ಹೊಳಪು

ನನಗೆ ಗಿಟಾರ್ ಕಲಿಸಿದವರನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಟೀಚರ್ ಅಂತಲೇ ಕರೆಯುತ್ತಾರೆ. ನಾನು ಅವರ ಮನೆಯಿಂದ ನಾಲ್ಕು ಬಾಗಿಲು ಆಚೆ ಬಟ್ಟೆ ಹೊಲಿಯುವವಳು. ಇಡೀ ದಿನ ಮಿಷನ್ನಿನ ಕಟಕಟ ಕೇಳಿ ಸಾಕಾಗಿ, ಕಿವಿಗೂ ಒಂದು ಒಳ್ಳೆಯ ಕೆಲಸ ಕೊಡೋಣ ಎಂದು ನಲವತ್ತಾರನೇ ವಯಸ್ಸಿನಲ್ಲಿ ಅವರ ಹತ್ತಿರ ಸೇರಿದೆ. ಮೊದಲ ದಿನ ಅವರು ನನ್ನ ಬೆರಳು ಹಿಡಿದು ನೋಡಿ, "ಸೂಜಿ ಚುಚ್ಚಿಸ್ಕೊಂಡಿರೋ ಬೆರಳು. ತಂತಿಗೆ ಹೆದರಲ್ಲ" ಅಂದರು. ಹೊಗಳಿಕೆ ಎಂದರೆ ಅವರ ಬಾಯಲ್ಲಿ ಅಷ್ಟೇ. ಮೂರು ವರ್ಷವಾಯಿತು, ಎರಡನೆಯದನ್ನು ನಾನಿನ್ನೂ ಕೇಳಿಲ್ಲ.

ಕೋಪ ಬಂದರೆ ಅವರು ಕೂಗುವವರಲ್ಲ. ಧ್ವನಿ ಇಳಿಯುತ್ತದೆ. ಮೂಗಿನ ಎರಡೂ ಬದಿ ಬಿಳಿಚಿಕೊಳ್ಳುತ್ತದೆ. ಅವರ ಕೈಕೆಳಗೆ ಕಲಿತವರೆಲ್ಲ ಆ ಗುರುತು ಬಲ್ಲರು. ಆದರೆ ಅದು ಐದು ನಿಮಿಷಕ್ಕೆ ಇಳಿಯುವ ಕೋಪ. ತಿಂಗಳುಗಟ್ಟಲೆ ಇಳಿಯದ ಕೋಪವನ್ನು ನಾನು ಒಂದೇ ಸಲ ನೋಡಿದ್ದು. ಅದು ಅವರ ಗಂಡನ ಮೇಲೆ, ಒಂದು ಉಪಕಾರಕ್ಕಾಗಿ.

ಮೊದಲು ಆ ಗಿಟಾರಿನ ವಿಷಯ ಹೇಳಬೇಕು. ಟೀಚರ ಅಪ್ಪ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುತ್ತಿದ್ದವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಗಳು ಯಾರೋ ಬಾರಿಸಿ ಬಿಟ್ಟ ಹಳೆಯ ಗಿಟಾರನ್ನು ಮನೆಗೆ ತಂದಳು. ಅಪ್ಪನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ, ಮಗಳು ಬಾರಿಸಿದರೂ ಒಂದೇ, ಬಿಟ್ಟರೂ ಒಂದೇ. ಸಿಟ್ಟು ಬಂದದ್ದು ಅದರ ಕತ್ತಿನ ಮೇಲಿದ್ದ ವಾರ್ನಿಶ್ ಕಂಡು. ಗಿಟಾರಿನ ಕತ್ತು ಎಂದರೆ ತಂತಿಗಳು ಓಡುವ ಉದ್ದನೆಯ ಭಾಗ. ಎಡಗೈಯ ಹೆಬ್ಬೆರಳು ಅದರ ಬೆನ್ನಿನ ಮೇಲೆ ಮೇಲೂ ಕೆಳಗೂ ಜಾರುತ್ತಲೇ ಇರಬೇಕು. "ಸಕ್ಕರೆ ಪಾಕ ಸುರಿದಂಗೆ ಸುರಿದಿದಾನಲ್ಲ, ಯಾವನವನು" ಎಂದು ಬೈದುಕೊಂಡು, ಅಪ್ಪ ತಾನೇ ಬ್ಲೇಡು ಹಿಡಿದು ಅದನ್ನೆಲ್ಲ ಹೆರೆದು, ಮಗಳ ಕೈಗೆ ಎಣ್ಣೆ ಬಟ್ಟೆ ಕೊಟ್ಟರು. ಕಾಯಿಸಿದ ಅಗಸೆ ಎಣ್ಣೆ. ಹಚ್ಚು, ಕಾಲು ಗಂಟೆ ಬಿಡು, ಹಚ್ಚಿದ್ದನ್ನೆಲ್ಲ ಒರೆಸು, ಒಂದು ದಿನ ಒಣಗಿಸು. ಮತ್ತೆ ಹಚ್ಚು. "ಹಚ್ಚೋದು ಯಾರಿಗಾದ್ರೂ ಬರುತ್ತೆ, ಒರೆಸೋದು ಕಲಿ" ಅನ್ನುತ್ತಿದ್ದರಂತೆ.

ಆವತ್ತಿನಿಂದ ವರ್ಷಕ್ಕೆ ಎರಡು ಸಲ ಟೀಚರ್ ತಂತಿ ಬಿಚ್ಚಿ, ಕತ್ತಿನ ಬೆವರು ಕೊಳೆ ಒರೆಸಿ, ನವಿರಾದ ಉಕ್ಕಿನ ನಾರಿನಿಂದ ಮೆಲ್ಲಗೆ ತಿಕ್ಕಿ, ತೆಳ್ಳಗೆ ಒಂದು ಕೈ ಎಣ್ಣೆ ಕೊಡುತ್ತಿದ್ದರು. ಇಪ್ಪತ್ತೇಳು ವರ್ಷ. ನಾನು ಸೇರಿದ ಹೊಸದರಲ್ಲಿ ಒಮ್ಮೆ ಆ ಕತ್ತನ್ನು ಮುಟ್ಟಲು ಬಿಟ್ಟಿದ್ದರು. ತೊಳೆದು ತೊಳೆದು ಮೆದುವಾದ ಹತ್ತಿ ಬಟ್ಟೆಯ ಹಾಗಿತ್ತು. ಬಣ್ಣ ಕಾದ ಜೇನಿನದು. ಹೆಬ್ಬೆರಳು ಕೂರುವ ಜಾಗದಲ್ಲಿ ಇನ್ನೂ ಒಂದು ಛಾಯೆ ಗಾಢ.

ಇನ್ನು ಗಂಡ. ಅವರು ಕಾರುಗಳಿಗೆ ಬಣ್ಣ ಹೊಡೆಯುವವರು. ಬೀದಿಯಲ್ಲಿ ಪೇಂಟರ್ ಎಂದರೆ ಅವರೇ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಗುದ್ದಿಸಿಕೊಂಡು ನಜ್ಜುಗುಜ್ಜಾಗಿ ಬಂದ ಬಾಗಿಲಿಗೆ ಅವರು ಬಣ್ಣ ಹೊಡೆದರೆ, ಕಾರಿನ ಮಾಲೀಕ ತನ್ನ ಕಾರು ಯಾವುದೆಂದು ಹುಡುಕಬೇಕು. ಹೊಳಪೆಂದರೆ ಅವರಿಗೆ ಪ್ರಾಣ. ಮನೆಯ ಕಿಟಕಿ ಸರಳು, ಸ್ಟೂಲು, ಹಳೆಯ ಫ್ರಿಜ್ಜು ಎಲ್ಲದರಲ್ಲೂ ಮುಖ ನೋಡಿಕೊಳ್ಳಬಹುದು. "ನಮ್ಮನೇಲಿ ಕನ್ನಡಿ ದಂಡ" ಎಂದು ಟೀಚರ್ ನಗುತ್ತಿದ್ದರು. ನಗುತ್ತಿದ್ದ ಕಾಲ ಅದು.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿ ಮಾಡುವ ಅಭ್ಯಾಸ ಅವರ ಜಾಯಮಾನದಲ್ಲೇ ಇಲ್ಲ. ಹೆಂಡತಿಗೆ ಸೈಕಲ್ ತುಳಿದು ಮಂಡಿ ನೋವು ಎಂದು ಒಂದು ದಿನ ಸೈಕಲ್ಲನ್ನು ಯಾರಿಗೋ ಕೊಟ್ಟು ಬಂದರು. ಮಂಡಿ ನೋವು ಟೀಚರಿಗಲ್ಲ, ಅವರ ಅಕ್ಕನಿಗೆ. ಪಾಠದ ಕೋಣೆಯ ಬಾಗಿಲು ಕಿರುಗುಟ್ಟುತ್ತದೆ ಎಂದು ಬಾಗಿಲನ್ನೇ ತೆಗೆದು ಪರದೆ ಹಾಕಿದರು. ಆಮೇಲೆ ಅಡುಗೆಮನೆಯ ಕುಕ್ಕರ್ ಸೀಟಿಗೆ ತಾಳ ಹಾಕುತ್ತಾ ನಾವು ಕಲಿತೆವು. ಪ್ರತಿ ಸಲವೂ ಟೀಚರ್ ಒಂದು ದಿನ ಮುಖ ಗಂಟಿಕ್ಕುವುದು, ಗಂಡ "ನಿನಗೋಸ್ಕರ ತಾನೆ ಮಾಡಿದ್ದು" ಅನ್ನುವುದು, ಅಲ್ಲಿಗೆ ಮುಗಿಯುವುದು. ಇಪ್ಪತ್ತೆರಡು ವರ್ಷದ ಸಂಸಾರ ಹೀಗೇ ನಡೆದಿತ್ತು.

ಹೋದ ವರ್ಷ ಟೀಚರ ಎಡ ಮಣಿಕಟ್ಟಿನ ನರ ಒತ್ತಿಕೊಂಡು ಬೆರಳುಗಳು ಮರಗಟ್ಟತೊಡಗಿದವು. ಆಪರೇಷನ್ ಆಯಿತು. ಮನೆಗೆ ಬಂದರೆ ಸುಮ್ಮನೆ ಕೂರುವುದಿಲ್ಲವೆಂದು ಅವರ ಅಕ್ಕ ಆಸ್ಪತ್ರೆಯಿಂದ ನೇರ ತನ್ನ ಮನೆಗೆ ಕರೆದೊಯ್ದು ಹದಿನೈದು ದಿನ ಇಟ್ಟುಕೊಂಡರು. ವಾಪಸು ಬಂದ ಮೇಲೂ ಒಂದು ತಿಂಗಳು ಗಿಟಾರ್ ಮುಟ್ಟಬಾರದು ಎಂದು ಡಾಕ್ಟರ ಕಟ್ಟಪ್ಪಣೆ.

ಆ ತಿಂಗಳು ಮುಗಿದ ದಿನ ನಾನು ಅಲ್ಲೇ ಇದ್ದೆ. ಸಂಜೆ ಐದರ ಪಾಠ. ಪೇಂಟರ್ ಆವತ್ತು ಬೇಗ ಬಂದಿದ್ದರು. ಎರಡು ಲೋಟ ಕಾಫಿ ಹಿಡಿದು ಪರದೆ ಸರಿಸಿ, ಕೊಟ್ಟ ಮೇಲೂ ಹೋಗದೆ ಅಲ್ಲೇ ನಿಂತರು. ಮಗಳಿಗೆ ಹೊಸ ಬಟ್ಟೆ ತೊಡಿಸಿ ನನ್ನ ಮುಂದೆ ನಿಲ್ಲಿಸುತ್ತಾರಲ್ಲ ತಾಯಂದಿರು, ಆ ಮುಖ.

ಟೀಚರ್ ಪೆಟ್ಟಿಗೆ ತೆರೆದರು. ಗಿಟಾರಿನ ಕತ್ತು ಥಳಥಳ ಹೊಳೆಯುತ್ತಿತ್ತು. ಗಾಜಿನ ಕೊಳವೆಯೊಳಗೆ ಮರ ಇಟ್ಟ ಹಾಗೆ. ಕಿಟಕಿಯ ಬೆಳಕು ಅದರ ಉದ್ದಕ್ಕೂ ಒಂದು ಗೆರೆಯಾಗಿ ಓಡಿತು.

"ಎಷ್ಟು ಚೆನ್ನಾಗಿದೆ" ಎಂದುಬಿಟ್ಟೆ. ಆ ಮಾತು ನಾನು ಆಡಿದ್ದೆಂದು ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಟೀಚರ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಕತ್ತಿನ ಬೆನ್ನಿಗೆ ಒತ್ತಿ ಜಾರಿಸಿದರು. ಬೆರಳು ಜಾರಲಿಲ್ಲ. ಕೀಚ್ ಎಂದು ಸಣ್ಣ ಸದ್ದು ಮಾಡಿ ನಿಂತಿತು. ಇನ್ನೊಮ್ಮೆ. ಮತ್ತೆ ಕೀಚ್.

"ಯಾರು ಮಾಡಿದ್ದು ಇದು?" ಧ್ವನಿ ಆಗಲೇ ಇಳಿದಿತ್ತು.

"ಇನ್ಯಾರು ಮಾಡ್ತಾರೆ?" ಪೇಂಟರ್ ನಕ್ಕರು. "ಆರು ದಿನ ಹಿಡೀತು. ಮಿಷನ್ ಹಾಕಿ ಉಜ್ಜಿ, ಹಳೇ ಎಣ್ಣೆ ಜಿಡ್ಡೆಲ್ಲ ಥಿನ್ನರ್‌ನಲ್ಲಿ ತೆಗೆದು, ನಾಲ್ಕು ಕೋಟು ಕ್ಲಿಯರ್ ಹೊಡ್ದಿದೀನಿ. ದೊಡ್ಡ ಕಾರುಗಳಿಗೆ ಹೊಳಪಿಗೆ ಅಂತ ಕೊನೇಲಿ ಹೊಡೆಯೋದು. ಇನ್ನು ಜನ್ಮದಲ್ಲಿ ನೀನು ಎಣ್ಣೆ ಹಚ್ತಾ ಕೂರ್ಬೇಕಾಗಿಲ್ಲ. ಕೈಗೆ ವಿಶ್ರಾಂತಿ."

"ಉಜ್ಜಿದ್ರಾ?"

"ಉಜ್ಜದೆ ಹಿಡಿಯುತ್ತಾ ಬಣ್ಣ?"

"ಎಷ್ಟು ಉಜ್ಜಿದ್ರಿ?"

"ಕಪ್ಪಾಗಿತ್ತಲ್ಲ, ಅದು ಹೋಗೋವರೆಗೆ." ಅವರ ನಗು ಸ್ವಲ್ಪ ಕುಗ್ಗಿತು. "ಯಾಕೆ, ಚೆನ್ನಾಗಿಲ್ವಾ? ಇವರೇ ಹೇಳಿದ್ರಲ್ಲ ಈಗ."

ನಾನು ನೆಲ ನೋಡಿದೆ. ಟೀಚರ್ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಮೂಗಿನ ಬದಿ ಸುಣ್ಣದಷ್ಟು ಬೆಳ್ಳಗಿತ್ತು. "ನೀವು ನಾಳೆ ಬನ್ನಿ" ಎಂದು ನನಗೆ ಹೇಳಿ, ಗಂಡನಿಗೆ, "ನೀವು ಒಳಗೆ ಹೋಗಿ. ನನ್ನ ಕಣ್ಣೆದುರು ನಿಲ್ಬೇಡಿ" ಅಂದರು.

ಆಮೇಲೆ ಆ ಮನೆಯಲ್ಲಿ ನಡೆದದ್ದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವರೇ ಹೇಳಿದ್ದು. ಟೀಚರ್ ಅಡುಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಗಂಡನ ಜೊತೆ ಮಾತ್ರ ಒಂದೇ ಮಾತು: "ತಪ್ಪಾಯ್ತು ಅನ್ನಿ." ಅವರದ್ದೂ ಒಂದೇ ಉತ್ತರ: "ತಪ್ಪು ಮಾಡಿದ್ರೆ ತಾನೆ ಅನ್ನೋಕೆ?" ಮೊದಲು ಅವರಿಗೆ ಆಶ್ಚರ್ಯ, ಆಮೇಲೆ ನೋವು, ಎರಡನೇ ವಾರಕ್ಕೆ ಅವರಿಗೂ ಸಿಟ್ಟು. ಪಾತ್ರೆ ಕುಕ್ಕುವ ಸದ್ದು ನನ್ನ ಅಂಗಡಿಯವರೆಗೆ ಕೇಳುತ್ತಿತ್ತು. ಇಬ್ಬರದ್ದೂ ಎಣ್ಣೆ ಸೀಗೇಕಾಯಿ ಆಗಿಹೋಯಿತು.

ಟೀಚರ ಕೋಪ ಏರಿದ್ದು ಮಾತ್ರ ಗಂಡನಿಂದಲ್ಲ, ಉಳಿದವರಿಂದ. ಯಾರ ಹತ್ತಿರ ಹೇಳಿಕೊಂಡರೂ ಅವರು ಗಂಡನ ಕಡೆಗೇ ವಾಲುತ್ತಿದ್ದರು. ಮಗಳು ನರ್ಸಿಂಗ್ ಓದುತ್ತಾಳೆ, ಹಾಸ್ಟೆಲಿನಿಂದ ಫೋನ್ ಮಾಡಿ, "ಅಮ್ಮ, ಪಾಪ ಅಪ್ಪ, ಒಂದು ತಿಂಗಳು ಬಾಯಿ ಬಿಡದೆ ಕಾದಿದ್ರು ನಿಂಗೆ ತೋರ್ಸೋಕೆ" ಅಂದಳಂತೆ. ಗಂಡನ ಅಕ್ಕ ಒಂದು ಮಧ್ಯಾಹ್ನ ಇದಕ್ಕೆಂದೇ ಬಂದು ಕೂತರು. ನಾನು ಆಗ ಒಂದು ರವಿಕೆಯ ಅಳತೆಗೆ ಅಲ್ಲಿಗೆ ಹೋಗಿದ್ದೆ.

"ನೋಡಮ್ಮ, ಕುಡಿದು ಬಂದು ಹೊಡೆಯೋ ಗಂಡಂದಿರಿದಾರೆ" ಅಂದರು ಅತ್ತಿಗೆ. "ನಿನ್ನ ಗಂಡ ನಿನಗೋಸ್ಕರ ಕೆಲಸ ಮಾಡಿದಾನೆ. ಅದಕ್ಕೂ ಬೈಸ್ಕೋಬೇಕಾ?"

"ಹೊಡೆದಿದ್ರೆ ನೀವೆಲ್ಲ ನನ್ನ ಕಡೆ ಮಾತಾಡ್ತಿದ್ರಿ, ಅತ್ತಿಗೆ. ಇದಕ್ಕೆ ಯಾರೂ ಇಲ್ಲ."

"ಒಂದು ಮರದ ತುಂಡಿಗೆ ಇಷ್ಟೊಂದಾ?"

ಟೀಚರ್ ನನ್ನ ಕಡೆ ತಿರುಗಿದರು. "ನೀವು ಹೇಳಿ. ನಿಮ್ಮ ಕತ್ತರಿ ಮೊಂಡಾಗಿದೆ ಅಂತ ಯಾರಾದ್ರೂ ಹೇಳದೆ ಕೇಳದೆ ತಗೊಂಡ್ಹೋಗಿ, ಹಿಡಿ ಕತ್ತರಿಸಿ ಬೇರೆ ಹಿಡಿ ಹಾಕಿ ತಂದ್ರೆ?"

ನನ್ನ ಕತ್ತರಿಯನ್ನು ಮನೆಯವರು ಕಾಗದ ಕತ್ತರಿಸಲು ಮುಟ್ಟಿದರೂ ನಾನು ಕೈಗೆ ಹೊಡೆಯುತ್ತೇನೆ. "ಮನೇಲಿ ಬೆಂಕಿ ಬೀಳುತ್ತೆ" ಅಂದೆ. ಅತ್ತಿಗೆ ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು. ಬೀದಿಯಲ್ಲಿ ನನ್ನನ್ನು "ಮನೆಮುರುಕಿ" ಎಂದು ಕರೆದದ್ದೂ ಆಮೇಲೆ ಕಿವಿಗೆ ಬಿತ್ತು.

ಮೂರನೇ ವಾರ ಒಂದು ಬೆಳಿಗ್ಗೆ ಟೀಚರ್ ನನ್ನ ಅಂಗಡಿಗೆ ಬಂದು, "ಸ್ಕೂಟರ್ ತೆಗೀರಿ, ಗ್ಯಾರೇಜಿಗೆ ಹೋಗ್ಬೇಕು" ಅಂದರು. ಮಣಿಕಟ್ಟಿಗೆ ಪಟ್ಟಿ ಇನ್ನೂ ಇತ್ತು, ಅವರು ಗಾಡಿ ಓಡಿಸುವಂತಿರಲಿಲ್ಲ.

ಗ್ಯಾರೇಜಿನ ಹಿಂಭಾಗದಲ್ಲಿ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಕೋಣೆ. ಥಿನ್ನರಿನ ವಾಸನೆ ಗಂಟಲಿಗೆ ಕುಟುಕುತ್ತಿತ್ತು. ಒಳಗೆ ಕಡು ನೀಲಿ ಕಾರೊಂದು, ಆಗಷ್ಟೇ ಕೊನೆಯ ಕೋಟು ಬಿದ್ದು ಹಸಿಹಸಿಯಾಗಿ ಮಿನುಗುತ್ತಿತ್ತು. ಪೇಂಟರ್ ಮೂಲೆಯಲ್ಲಿ ಬಣ್ಣ ಹೊಡೆಯುವ ಗನ್ ತೊಳೆಯುತ್ತಿದ್ದರು. ಹೆಂಡತಿಯನ್ನು ಕಂಡು ಮೂಗಿನ ಮಾಸ್ಕ್ ಕೆಳಗಿಳಿಸಿ, "ಏನಾಯ್ತು?" ಅಂದರು.

ಟೀಚರ್ ನೇರವಾಗಿ ಕಾರಿನ ಹತ್ತಿರ ಹೋಗಿ, ಬಲಗೈ ಅಗಲಿಸಿ, ಬಾನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರು.

"ಮುಟ್ಬೇಡ!"

ಆ ಕೂಗಿಗೆ ಹೊರಗೆ ಕೆಲಸ ಮಾಡುತ್ತಿದ್ದವರ ಸುತ್ತಿಗೆ ನಿಂತಿತು. ಗ್ಯಾರೇಜಿನ ಮಾಲೀಕರು ಪರದೆ ಸರಿಸಿ ಇಣುಕಿದರು. ಪೇಂಟರ್ ಗನ್ ಕೈಬಿಟ್ಟು ಎರಡು ಹೆಜ್ಜೆ ಓಡಿಬಂದು, ಹೆಂಡತಿಯನ್ನು ಎಳೆಯಲೂ ಆಗದೆ, ಧೂಳೇಳುತ್ತದೆಂದು ಹತ್ತಿರ ಬರಲೂ ಆಗದೆ ನಿಂತಿದ್ದರು.

"ಇನ್ನೂ ಚೆನ್ನಾಗಿ ಮಾಡೋಣ ಅಂತ" ಅಂದರು ಟೀಚರ್. "ಪ್ರೀತಿಯಿಂದ."

"ಅದು ಗಿರಾಕಿ ಕಾರು. ಎಂಟು ದಿನದ ಕೆಲಸ. ತಲೆ ಕೆಟ್ಟಿದೆಯಾ ನಿಂಗೆ?"

"ಈಗ ಕೂಗಿದ್ರಲ್ಲ, ಆ ಕೂಗು ನನ್ನ ಹತ್ರಾನೂ ಇತ್ತು. ಕೂಗೋಕೆ ನಾನು ಮನೇಲಿರ್ಲಿಲ್ಲ." ಕೈ ಇನ್ನೂ ಗಾಳಿಯಲ್ಲೇ ಇತ್ತು. "ಅದು ಇಪ್ಪತ್ತೇಳು ವರ್ಷದ ಕೆಲಸ."

ಮಾಲೀಕರು ತಗ್ಗಿದ ಧ್ವನಿಯಲ್ಲಿ, "ಅಮ್ಮ, ಮನೆ ಜಗಳ ಮನೇಲಿರ್ಲಿ, ಕೈ ತಗೊಳ್ಳಿ" ಅಂದರು. ಟೀಚರ್ ಕೈ ತೆಗೆದುಕೊಂಡು, "ನಾನು ಮುಟ್ಟಲ್ಲ, ಸ್ವಾಮಿ. ಬೇರೆಯವರ ಕೆಲಸ ಮುಟ್ಬಾರ್ದು ಅಂತ ನಮ್ಮಪ್ಪ ಕಲಿಸಿದಾರೆ" ಎಂದು ಹೊರಗೆ ಬಂದರು.

ಪೇಂಟರ್ ನಮ್ಮ ಹಿಂದೆ ಸ್ಕೂಟರಿನವರೆಗೆ ಬಂದರು. ಅವರಿಗೆ ಎಲ್ಲರೆದುರು ಅವಮಾನವಾಗಿತ್ತು, ಕಿವಿ ಕೆಂಪಾಗಿತ್ತು. "ಆರು ದಿನ ಕೆಲಸ ಮುಗಿಸಿ ಬಂದು ಕೂತು ಮಾಡಿದೀನಿ, ಗೊತ್ತಾ? ಒಂದು ಗುಳ್ಳೆ ಇಲ್ಲ, ಒಂದು ಕಸ ಇಲ್ಲ ಅದರಲ್ಲಿ."

"ಗೊತ್ತು. ಚೆನ್ನಾಗೇ ಮಾಡಿದೀರಿ. ಅದಕ್ಕೇ ತೆಗೆಯೋಕೆ ನನ್ನ ಪ್ರಾಣ ಹೋಗುತ್ತೆ."

ಅವತ್ತು ಮಧ್ಯಾಹ್ನವೇ ಟೀಚರ್ ಕೆಲಸ ಶುರುಮಾಡಿದರು. ಹಿತ್ತಿಲ ಜಗುಲಿಯ ಮೇಲೆ ಹಳೆಯ ಹೊದಿಕೆ ಹಾಸಿ, ಗಿಟಾರನ್ನು ಬೋರಲು ಮಲಗಿಸಿ, ಹೊಟ್ಟೆಯ ಭಾಗಕ್ಕೆಲ್ಲ ಬಟ್ಟೆ ಸುತ್ತಿ, ಬೆರಳೊತ್ತುವ ಪಟ್ಟಿಯ ಅಂಚಿಗೆ ಕಾಗದದ ಟೇಪು ಅಂಟಿಸಿದರು. ಅಪ್ಪನ ಕಾಲದ್ದೇ ಉಕ್ಕಿನ ಹೆರೆಯುವ ತಗಡು. ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಾಗಿಸಿ ತಮ್ಮ ಕಡೆಗೆ ಎಳೆಯಬೇಕು. ಎಡಗೈಗೆ ಬಲವಿಲ್ಲ. ಹತ್ತು ಸಲ ಎಳೆದು ಹತ್ತು ನಿಮಿಷ ಕೂರುತ್ತಿದ್ದರು. ಕಾರಿನ ಬಣ್ಣ ಕಲ್ಲಿನಂತೆ ಕೂತಿತ್ತು, ಉಗುರಿನ ಚೂರುಗಳ ಹಾಗೆ ಒಂದೊಂದೇ ಎದ್ದು ಬರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎಳೆತಕ್ಕೊಂದು ಬೈಗುಳ. ಅಷ್ಟು ಬೈಗುಳ ಅವರಿಗೆ ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ಸೈಕಲ್ಲು, ಬಾಗಿಲು, ಇನ್ನೂ ನಾನು ಕೇಳಿರದ ಎಷ್ಟೋ ಹಳೆಯ ಲೆಕ್ಕ ಆ ಜಗುಲಿಯ ಮೇಲೆ ಹೊರಬಂದವು.

ಎರಡನೇ ದಿನ ಪೇಂಟರ್ ಕೆಲಸದಿಂದ ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು. ಹೆಂಡತಿ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದುದನ್ನು ನೋಡಿದರು. ತಾನು ಮಾಡಿದ ಹೊಳಪು ಚೂರುಚೂರಾಗಿ ಹೊದಿಕೆಯ ಮೇಲೆ ಬಿದ್ದಿದ್ದನ್ನೂ ನೋಡಿದರು.

"ನಾನು ಮಾಡ್ಲಾ?" ಅಂದರು.

"ಬೇಡ."

ಪೇಂಟರ್ ತಗಡಿಗೆ ಕೈ ಹಾಕದೆ ಒಳಗೆ ಹೋದರು. ಟೀಚರ್ ತಗಡು ಹಿಡಿದುಕೊಂಡು ಆ ಖಾಲಿ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದರು. "ಇವತ್ತು ಬಾಯಲ್ಲಿ ಪ್ರಶ್ನೆ ಬಂತಪ್ಪ" ಅಂದರು. ಕೋಪ ಇಳಿದದ್ದಲ್ಲ. ಮತ್ತೆ ಬೈಯುತ್ತಲೇ ಎಳೆದರು.

ಆರನೇ ದಿನ ಮರ ಪೂರ್ತಿ ಬಯಲಾಯಿತು. ಸ್ಯಾಂಡ್ ಪೇಪರಿನಲ್ಲಿ ದೊರಗಿನಿಂದ ನಯಕ್ಕೆ ಬಂದು, ಒದ್ದೆ ಬಟ್ಟೆ ಆಡಿಸಿ, ಎದ್ದ ಎಳೆಗಳನ್ನು ಮತ್ತೆ ತಿಕ್ಕಿ, ಟೀಚರ್ ಕೈಯನ್ನು ಕತ್ತಿನ ಸುತ್ತ ಹಿಡಿದರು. ಹಿಡಿದ ಕೈ ಹಾಗೇ ನಿಂತಿತು.

"ತೆಳ್ಳಗಾಗಿದೆ" ಅಂದರು.

ಮರ ಬೆಳ್ಳಗೆ, ಹೊಸ ಹಲಗೆಯಂತೆ ಇತ್ತು. ಜೇನಿನ ಬಣ್ಣ ಮಿಷನ್ನಿನಡಿ ಪುಡಿಯಾಗಿ ಹೋಗಿತ್ತು, ಹೆಬ್ಬೆರಳಿನ ಗುರುತೂ. ಒಂದು ದಪ್ಪ ಕಾಗದದಷ್ಟು ಕಮ್ಮಿಯಾಗಿರಬಹುದು. ಕಣ್ಣಿಗೆ ತಿಳಿಯದ್ದು. ಆದರೆ ಬಟ್ಟೆಯ ದಪ್ಪ ಬೆರಳಲ್ಲೇ ಹೇಳುವವಳು ನಾನು, ಅವರನ್ನು ನಂಬಿದೆ. "ಹೊಳಪಾದ್ರೆ ಹೆರೆದು ತೆಗೀಬಹುದು. ಅವರು ತೆಗೆದದ್ದನ್ನ ಎಲ್ಲಿಂದ ತರ್ಲಿ ನಾನು?" ಎಂದು ಟೀಚರ್ ಅತ್ತರು. ಅವರು ಅತ್ತದ್ದು ಆ ಒಂದೇ ಸಲ, ಅದೂ ಹಲ್ಲು ಕಚ್ಚಿಕೊಂಡು. ನಾನು ಸಮಾಧಾನ ಹೇಳಲು ಹೋಗಲಿಲ್ಲ.

ಮರುದಿನ ಎಣ್ಣೆ. ಹಳೆಯ ಬನಿಯನ್ನಿನ ತುಂಡಿಗೆ ನಾಲ್ಕೇ ಹನಿ ಹಾಕಿ ಉದ್ದಕ್ಕೆ ಎಳೆದರು, ಬಿಳಿ ಮರ ಕುಡಿಯುತ್ತಾ ಹೋಯಿತು. ಕಾಲು ಗಂಟೆ ಕಾದು, ಒಣ ಬಟ್ಟೆಯಿಂದ ಅಂಟು ಚೂರೂ ಉಳಿಯದ ಹಾಗೆ ಒರೆಸಿದರು. ನಾನು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಲು ಹೋದೆ. ಕೈಯಿಂದ ಕಿತ್ತುಕೊಂಡರು. "ಇದನ್ನ ಮುದ್ದೆ ಮಾಡಿಟ್ರೆ ತಾನಾಗೇ ಬಿಸಿಯಾಗಿ ಹೊತ್ಕೊಳ್ಳುತ್ತೆ. ಬಿಡಿಸಿ ತಂತಿ ಮೇಲೆ ಒಣಗ್ಹಾಕ್ಬೇಕು." ಬಟ್ಟೆ ಬಿಡಿಸುತ್ತಾ, "ನಾನೂ ಅಷ್ಟೇ" ಅಂದರು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ದಿನಕ್ಕೆ ಒಂದು ಕೈ, ನಡುನಡುವೆ ಉಕ್ಕಿನ ನಾರು. ಐದು ದಿನಕ್ಕೆ ಕತ್ತು ಮತ್ತೆ ಬಟ್ಟೆಯ ಹಾಗಾಯಿತು. ಹೊಸ ಬಟ್ಟೆ, ಹಳೆಯದಲ್ಲ.

ಪೇಂಟರ್ ಆ ದಿನಗಳಲ್ಲಿ ಸೇಡು ತೀರಿಸಿಕೊಳ್ಳಲು ಎಲ್ಲವನ್ನೂ ಕೇಳತೊಡಗಿದ್ದರು. "ಈ ಲೋಟ ತೊಳೀಲಾ? ಈ ಕಿಟಕಿ ಮುಚ್ಲಾ? ಉಸಿರಾಡ್ಲಾ?" ಟೀಚರ್ ಒಂದಕ್ಕೂ ಸೋಲಲಿಲ್ಲ. "ಲೋಟ ತೊಳೀರಿ. ಕಿಟಕಿ ಬೇಡ. ಉಸಿರಾಟ ನಿಮ್ಮಿಷ್ಟ." ಹದಿನೈದು ದಿನ ಈ ನಾಟಕ ನಡೆದು, ಯಾವಾಗಲೋ ಕುಹಕ ಉದುರಿ ಕೇಳುವ ಅಭ್ಯಾಸ ಮಾತ್ರ ಉಳಿಯಿತು. ಪೂರ್ತಿ ಅಲ್ಲ. ಹೋದ ತಿಂಗಳು ನಲ್ಲಿ ಬದಲಾಯಿಸಿದ್ದಕ್ಕೆ ಮತ್ತೆ ಒಂದು ಸುತ್ತು ಜಗಳವಾಯಿತು.

"ತಪ್ಪಾಯ್ತು" ಎಂದೂ ಅವರು ಹೇಳಿದರು, ನಾಲ್ಕು ತಿಂಗಳ ಮೇಲೆ, ತಟ್ಟೆ ಮುಂದೆ ಕೂತು, ತಲೆ ಎತ್ತದೆ. ಆಮೇಲೆ, "ಒಂದ್ಸಲ ಮುಟ್ಟಿ ನೋಡ್ಲಾ?" ಎಂದು ಕೇಳಿ, ಕೈ ತೊಳೆದು ಬಂದು, ಹೆಬ್ಬೆರಳನ್ನು ಕತ್ತಿನ ಉದ್ದಕ್ಕೂ ಎಳೆದರಂತೆ.

"ಏನಂದ್ರು?" ಎಂದು ನಾನು ಟೀಚರನ್ನು ಕೇಳಿದೆ.

"ಏನಂತಾರೆ? 'ನಂಗೇನೋ ನಾನು ಮಾಡಿದ್ದೇ ಚೆನ್ನಾಗಿತ್ತು ಅನ್ಸುತ್ತೆ. ಆದ್ರೆ ಗಿಟಾರ್ ನಿಂದು' ಅಂದ್ರು." ಟೀಚರ್ ತಂತಿ ಬಿಗಿಗೊಳಿಸುತ್ತಿದ್ದರು. "ಕಣ್ಣಿಗೆ ಕಾಣಲ್ಲ ಅಂದ್ಮೇಲೆ ಆ ಮನುಷ್ಯನಿಗೆ ಅದು ಇಲ್ಲ. ಬಿಡಿ."

ಆದರೆ ಅವರು ಬಿಟ್ಟಿಲ್ಲ. ಪಾಠದ ನಡುವೆ, ಎಡಗೈ ಮೇಲಿನ ಸ್ವರಗಳಿಂದ ಕೆಳಗಿನವಕ್ಕೆ ಜಾರಿ ಬರುವಾಗ, ಒಮ್ಮೊಮ್ಮೆ ಅವರ ಹೆಬ್ಬೆರಳು ಮೊದಲಿನ ದಪ್ಪ ಸಿಗದೆ ತಡವರಿಸುತ್ತದೆ. ದವಡೆ ಬಿಗಿಯುತ್ತದೆ. ಆ ಹೊತ್ತಿಗೆ ಎದುರಿಗೆ ಕೂತವಳು ನಾನು. "ಏನ್ರೀ ಅದು, ಮಿಷನ್ ತುಳಿದಂಗೆ ಬಾರಿಸ್ತಿದೀರಿ, ಮತ್ತೆ ಮೊದಲಿಂದ ಬಾರಿಸಿ" ಎನ್ನುತ್ತಾರೆ. ಆ ಬೈಗುಳ ನನಗೆ ಸೇರಿದ್ದಲ್ಲವೆಂದು ಇಬ್ಬರಿಗೂ ಗೊತ್ತು. ನಾನು ಮತ್ತೆ ಮೊದಲಿಂದ ಬಾರಿಸುತ್ತೇನೆ.